ಗೇಟಿನ ಕಡೆ ಮೂತಿ

ಆಂಬುಲೆನ್ಸ್ ಓಡಿಸುವವರಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಗಾಡಿ ಎಲ್ಲೇ ನಿಲ್ಲಿಸಲಿ, ಮೂತಿ ಹೊರದಾರಿಯ ಕಡೆಗೇ ಇರಬೇಕು. ಕರೆ ಬಂದ ಮೇಲೆ ರಿವರ್ಸ್ ತೆಗೆಯುತ್ತ ಕೂತರೆ ಅಲ್ಲಿ ಯಾರದೋ ಉಸಿರು ನಿಂತುಹೋಗಿರುತ್ತದೆ. ಹಾಗಾಗಿ ಆ ಸಂಜೆ ಹೆಂಡತಿ, ಮಗಳು, ಅತ್ತೆ ಮೂವರನ್ನೂ ಸ್ವಂತ ಕಾರಿನಲ್ಲಿ ತುಂಬಿಕೊಂಡು, ಕಾರಿನಲ್ಲೇ ಕೂತು ಸಿನಿಮಾ ನೋಡುವ ಬಯಲು ಥಿಯೇಟರಿಗೆ ಬಂದ ನಮ್ಮ ಡ್ರೈವರ್ ಮಹಾಶಯ, ಕಾರನ್ನು ಒಂದೇ ಏಟಿಗೆ ಹಿಮ್ಮುಖವಾಗಿ ಸಾಲಿಗೆ ತೂರಿಸಿ, ಹ್ಯಾಂಡ್‌ಬ್ರೇಕ್ ಎಳೆದು ನಿಟ್ಟುಸಿರು ಬಿಟ್ಟ. ಎದುರಿಗೆ ಗೇಟು ಕಾಣುತ್ತಿತ್ತು. ಪರದೆ ಬೆನ್ನ ಹಿಂದಿತ್ತು.

ಹಿಂದಿನ ಸೀಟಿನಲ್ಲಿದ್ದ ಅತ್ತೆ ಕತ್ತು ಹೊರಳಿಸಿ ನೋಡಿದರು. "ಅಳಿಯಂದ್ರೇ, ಟಿಕೆಟ್ ಹರಿಯೋನ ಮುಖ ನೋಡೋಕೆ ಇಷ್ಟು ದೂರ ಬಂದ್ವಾ?"

ಹೆಂಡತಿ ಕಿಸಕ್ಕನೆ ನಕ್ಕಳು. ಮುಂದೆ ಅವನ ಪಕ್ಕದಲ್ಲಿ ಕೂತಿದ್ದ ಮಗಳು ಮಾತ್ರ ನಗಲಿಲ್ಲ. "ಹೊರಡೋಕೆ ರೆಡಿಯಾಗೇ ಬಂದಿದ್ದೀಯಲ್ಲಪ್ಪ," ಅಂದಳು.

ಆ ಮಾತು ನೆಟ್ಟಗೆ ಎದೆಗೇ ತಾಗಿತು. ಅವಳ ಶಾಲೆಯ ನಾಟಕದಿಂದ ಅವನು ಅರ್ಧಕ್ಕೆ ಎದ್ದು ಓಡಿದ್ದ. ಹುಟ್ಟುಹಬ್ಬದ ದಿನ ಕೇಕು ಕತ್ತರಿಸುವ ಮೊದಲೇ ಮಾಯವಾಗಿದ್ದ. ರಜೆ ಇದ್ದ ದಿನವೂ ಯಾರಾದರೂ ಫೋನ್ ಮಾಡಿದರೆ ಇವನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಈ ಸಲ ಮಗಳು ಖಡಾಖಂಡಿತವಾಗಿ ಹೇಳಿದ್ದಳು: "ಪೂರ್ತಿ ಕೂರ್ಬೇಕು. ಇಲ್ಲಾಂದ್ರೆ ಇನ್ಮೇಲೆ ಎಲ್ಲಿಗೂ ಕರ್ಕೊಂಡು ಹೋಗು ಅಂತ ನಾನು ಕೇಳೋದೇ ಇಲ್ಲ." ಹನ್ನೊಂದು ವರ್ಷದ ಹುಡುಗಿ ಹಟಕ್ಕೆ ಹೇಳುವ ಮಾತಿನ ಹಾಗೆ ಅದು ಇರಲಿಲ್ಲ. ಅದಕ್ಕೇ ಅವನಿಗೆ ಭಯವಾಗಿತ್ತು.

ಅವನು ಪೆಚ್ಚಾಗಿ ಕಾರು ತಿರುಗಿಸಿದ. ಅಷ್ಟರಲ್ಲಿ ಹಿಂದೊಂದು ವ್ಯಾನು, ಪಕ್ಕದಲ್ಲೊಂದು ಜೀಪು, ಮುಂದೆ ಸಾಲುಸಾಲು ಕಾರುಗಳು ಬಂದು ಒತ್ತರಿಸಿ ನಿಂತವು. ಇನ್ನು ಸಿನಿಮಾ ಮುಗಿಯುವ ತನಕ ಅಲುಗಾಡುವಂತಿರಲಿಲ್ಲ.

ಸಿನಿಮಾ ಶುರುವಾಯಿತು. ಪರದೆಯ ಮೇಲಿನವರ ಮಾತು ಕಾರಿನ ರೇಡಿಯೋದಲ್ಲಿ ಕೇಳುತ್ತಿತ್ತು. ಅತ್ತೆ ನಾಯಕಿಗೆ ಬುದ್ಧಿ ಹೇಳತೊಡಗಿದರು: "ಅವನನ್ನ ನಂಬಬೇಡ ಕಣೇ, ಮುಖ ನೋಡಿದ್ರೇ ಗೊತ್ತಾಗಲ್ವಾ?" ಡ್ರೈವರನ ಕಣ್ಣು ಮಾತ್ರ ಕನ್ನಡಿಯಲ್ಲಿ ಕಾಣುವ ಗೇಟಿನಿಂದ ಜೇಬಿನ ಫೋನಿಗೆ, ಫೋನಿನಿಂದ ಗೇಟಿಗೆ ಓಡಾಡಿತು. ಮೊದಲು ವ್ಯಾನು ತೆಗೆಸಬೇಕು, ಆಮೇಲೆ ಜೀಪು ಸ್ವಲ್ಪ ಸರಿದರೆ ಎಡಕ್ಕೆ ನುಸುಳಬಹುದು ಎಂದು ಮನಸ್ಸಿನಲ್ಲೇ ಎಷ್ಟು ಸಲ ಕಾರು ಹೊರಗೆ ತೆಗೆದನೋ.

"ರೀ, ಕಾಲು ಕುಣಿಸ್ಬೇಡಿ. ಕಾರೇ ಅಲ್ಲಾಡ್ತಿದೆ," ಎಂದು ಹೆಂಡತಿ ಹಿಂದಿನಿಂದ ಭುಜ ಒತ್ತಿದಳು.

ಆಗಲೇ ಫೋನು ಗುರ್ರೆಂದಿತು. ಆಂಬುಲೆನ್ಸ್ ಡಿಪೋದ ನಂಬರು. ಅವನು ಎತ್ತಿಕೊಳ್ಳುವಷ್ಟರಲ್ಲಿ ಅವನ ಇನ್ನೊಂದು ಕೈ ಬಾಗಿಲ ಹಿಡಿಯ ಮೇಲಿತ್ತು.

"ಏನಿಲ್ಲ ಅಣ್ಣ," ಎಂದಿತು ಆ ಕಡೆಯ ದನಿ. "ಆಕ್ಸಿಜನ್ ರೂಮಿನ ಕೀ ಹುಡುಕ್ತಿದ್ವಿ. ಸಿಕ್ತು. ನೀವು ಸಿನಿಮಾ ನೋಡಿ."

ಅವನಿಗೆ ಹಾಯೆನಿಸಬೇಕಿತ್ತು. ಬದಲಿಗೆ, ತನ್ನನ್ನು ಬಿಟ್ಟೇ ಕೆಲಸ ನಡೆಯುತ್ತಿದೆಯಲ್ಲ ಎಂದು ಪಿಚ್ಚೆನಿಸಿತು. ಹಿಡಿಯ ಮೇಲಿದ್ದ ಕೈಯನ್ನು ಕಳ್ಳನಂತೆ ಹಿಂದಕ್ಕೆಳೆದುಕೊಂಡ. ಆದರೂ ಎದ್ದು ಹೋಗಲಿಲ್ಲ. ಹಲ್ಲು ಕಚ್ಚಿ ಕೂತ. ಪರದೆಯ ಮೇಲೆ ಯಾರೋ ಅತ್ತರು, ಯಾರೋ ಸತ್ತರು, ಯಾರದೋ ಮದುವೆಯಾಯಿತು. ಕೊನೆಗೂ ಹೆಸರುಗಳು ಉರುಳತೊಡಗಿದಾಗ ಯುದ್ಧ ಗೆದ್ದವನ ಹಾಗೆ ಮಗಳ ಕಡೆ ತಿರುಗಿದ. ಸಿನಿಮಾ ಶುರುವಾದ ಮೇಲೆ ಅವಳ ಮುಖ ನೋಡಿದ್ದು ಅದೇ ಮೊದಲು.

"ಕೂತೆ ನೋಡು, ಪೂರ್ತಿ ಕೂತೆ. ಹೇಗಿತ್ತು ಸಿನಿಮಾ?"

"ಗೊತ್ತಿಲ್ಲಪ್ಪ."

"ಗೊತ್ತಿಲ್ಲ ಅಂದ್ರೆ?"

"ನಾನು ನೋಡ್ಲಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಯಾವಾಗ ಎದ್ದು ಹೋಗ್ತೀಯೋ ಅಂತ ನಿನ್ನನ್ನೇ ನೋಡ್ತಾ ಕೂತಿದ್ದೆ."

ವ್ಯಾನು ಹೋಯಿತು, ಜೀಪು ಹೋಯಿತು, ಮುಂದಿನ ಸಾಲೂ ಕರಗಿತು. ಎತ್ತ ಬೇಕಾದರೂ ಹೋಗುವಷ್ಟು ದಾರಿ ತೆರೆದಿತ್ತು. ಅವನಿಗೆ ಮಾತ್ರ ಕೀ ತಿರುಗಿಸಲು ಕೈ ಏಳಲಿಲ್ಲ.