ಒಣಹುಲ್ಲಿನ ಮೇಲೆ ಹಳದಿ ಹುಳು

ಗೊತ್ತಿರುವವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ ಎತ್ತಬೇಕು. ಯಾರೂ ಸುಮ್ಮನೆ ಕೂರುವಂತಿಲ್ಲ. ಇನ್‌ಸ್ಪೆಕ್ಟರ್ ಹಿಂದಿನ ಬೆಂಚಿನಿಂದ ನೋಡಿದಾಗ ತರಗತಿಯ ತುಂಬ ಕೈಗಳೇ ಕಾಣಬೇಕು. ಟೀಚರ್ ಮಾತ್ರ ಬಲಗೈಯವರನ್ನೇ ಕೇಳಬೇಕು.

ಈ ಉಪಾಯವನ್ನು ನನಗೆ ಹೇಳಿಕೊಟ್ಟವರು ವೆಟುರಿಯಾ. ನಮ್ಮ ಶಾಲೆಯಲ್ಲಿ ಮೂವತ್ತೊಂದು ವರ್ಷಗಳಿಂದ ರುಮೇನಿಯನ್ ಭಾಷೆ ಕಲಿಸುತ್ತಿದ್ದಾರೆ. "ಇದೇನು ಮೋಸ ಅಲ್ಲ ಕಣೇ ಸಾಬಿನಾ," ಎಂದಿದ್ದರು. "ಮನೆಗೆ ನೆಂಟರು ಬರ್ತಾರೆ ಅಂದ್ರೆ ಕಸ ಗುಡಿಸಲ್ವಾ? ಅಷ್ಟೇ. ನಾನೂ ಮಾಡಿದೀನಿ, ನಮ್ಮ ಟೀಚರೂ ಮಾಡಿದ್ರು. ಪಾಠ ಮೊದಲೇ ಎರಡು ಸಲ ಮಾಡಿಸಿಬಿಡು."

ನಾನು ಮೂರು ಸಲ ಮಾಡಿಸಿದೆ. ಎರಡು ಸಲಕ್ಕೆ ಸಮಾಧಾನವಾಗುವ ಸ್ವಭಾವ ನನ್ನದಲ್ಲ. ಬಾಗಿಲಿಗೆ ಬೀಗ ಹಾಕಿ ಬಸ್ ನಿಲ್ದಾಣದವರೆಗೆ ಹೋದವಳು ಹಿಂದಿರುಗಿ ಬಂದು ಬೀಗ ಎಳೆದು ನೋಡುತ್ತೇನೆ. ಈ ಸಲ ಹೆದರಲು ಕಾರಣವೂ ಇತ್ತು. ದಾನ್ಯೂಬ್ ನದಿಯ ದಡದ ನಮ್ಮ ಊರಿನಿಂದ ಪ್ರತಿ ವರ್ಷ ಒಂದಷ್ಟು ಮನೆಯವರು ಇಟಲಿಗೋ ಸ್ಪೇನಿಗೋ ಹೋಗುತ್ತಾರೆ, ಮಕ್ಕಳ ಸಂಖ್ಯೆ ಇಳಿಯುತ್ತದೆ. ಮುಂದಿನ ವರ್ಷ ಜೀವಶಾಸ್ತ್ರಕ್ಕೆ ಒಂದೇ ಹುದ್ದೆ. ನಾವಿದ್ದದ್ದು ಇಬ್ಬರು, ನಾನು ಮತ್ತು ಮರಿಯಾನ್. ಅವನಿಗೆ ಮೊದಲ ದರ್ಜೆಯ ಅರ್ಹತೆ ಆಗಲೇ ಸಿಕ್ಕಿತ್ತು, ನನಗಿರಲಿಲ್ಲ. ಜೂನಿನಲ್ಲಿ ಹುದ್ದೆಗಳ ಪಟ್ಟಿ ತಯಾರಾಗುವುದರೊಳಗೆ ನಾನೂ ಆ ದರ್ಜೆ ಪಡೆದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಹುದ್ದೆ ನನಗೆ ಉಳಿಯುತ್ತದೆ. ಇಲ್ಲವಾದರೆ ನಲವತ್ತು ಕಿಲೋಮೀಟರ್ ಆಚೆಯ ಹಳ್ಳಿ ಶಾಲೆ, ಬೆಳಗಿನ ಐದೂವರೆಯ ಬಸ್ಸು. ಎರಡನೇ ತರಗತಿಯ ನನ್ನ ಮಗಳನ್ನು ಎಬ್ಬಿಸಿ, ಜಡೆ ಹಾಕಿ, ಶಾಲೆಗೆ ಕಳಿಸುವವರು ಯಾರು?

ಎಲ್ಲವೂ ಇನ್‌ಸ್ಪೆಕ್ಟರ್ ಕೂತು ನೋಡಿ ಅಂಕ ಕೊಡುವ ಒಂದು ಪಾಠದ ಮೇಲೆ ನಿಂತಿತ್ತು. ಎಂಟನೇ ತರಗತಿ, ವಿಷಯ ನಿಸರ್ಗದ ಆಯ್ಕೆ.

ಪಾಠಕ್ಕೆ ನಾನು ಆರಿಸಿಕೊಂಡದ್ದು ಬಸವನಹುಳು. ನಮ್ಮ ಶಾಲೆಯ ಹಿಂದೆ, ದ್ರಾಕ್ಷಿ ತೋಟದ ಬೇಲಿಯ ಪಕ್ಕದಲ್ಲಿ ಒಂದು ಚಪ್ಪಟೆ ಕಲ್ಲಿದೆ. ಹಕ್ಕಿಗಳು ಹುಳುಗಳನ್ನು ಕೊಕ್ಕಿನಲ್ಲಿ ಹಿಡಿದು ತಂದು ಅದಕ್ಕೆ ಬಡಿದು ಒಡೆಯುತ್ತವೆ. ಸುತ್ತ ಒಡೆದ ಚಿಪ್ಪುಗಳು ಬಿದ್ದಿರುತ್ತವೆ, ಕೆಲವು ಹಳದಿ, ಕೆಲವು ಕಂದು. ಅದನ್ನೇ ನಾನು ಟ್ಯಾಬ್ಲೆಟ್ಟಿನ ಆಟವಾಗಿ ಮಾಡಿದ್ದೆ. ಪ್ರತಿ ಮಗುವಿನ ಪರದೆಯಲ್ಲೂ ಒಂದು ತುಂಡು ನೆಲ, ಅದರ ಮೇಲೆ ಇಪ್ಪತ್ತು ಹುಳು, ಹತ್ತು ಹಳದಿ, ಹತ್ತು ಕಂದು. ಮಗುವಿನ ಬೆರಳೇ ಹಕ್ಕಿಯ ಕೊಕ್ಕು. ಹತ್ತು ಸೆಕೆಂಡಿನಲ್ಲಿ ಎಂಟು ಹುಳು ಮುಟ್ಟಬೇಕು, ಮುಟ್ಟಿದ್ದು ಸತ್ತಿತು. ಉಳಿದವು ತಮ್ಮದೇ ಬಣ್ಣದ ಮರಿ ಹಾಕಿ ಮತ್ತೆ ಇಪ್ಪತ್ತಾಗುತ್ತವೆ. ಹೀಗೆ ಐದು ಪೀಳಿಗೆ. ಎಲ್ಲರ ಲೆಕ್ಕವೂ ಕೂಡಿ ಗೋಡೆಯ ದೊಡ್ಡ ಪರದೆಯಲ್ಲಿ ಎರಡು ಗೆರೆಗಳಾಗಿ ಮೂಡುತ್ತದೆ.

ಅಭ್ಯಾಸದಲ್ಲಿ ನೆಲ ಉತ್ತ ಮಣ್ಣಿನದಾಗಿತ್ತು. ಕಂದು ಮಣ್ಣಿನ ಮೇಲೆ ಹಳದಿ ಹುಳು ಕಣ್ಣಿಗೆ ಹೊಡೆಯುತ್ತದೆ. ಮೊದಲ ಸಲ ಐದನೇ ಪೀಳಿಗೆಯಲ್ಲೂ ಒಂದಿಷ್ಟು ಹಳದಿ ಉಳಿದಿತ್ತು. ಎರಡನೇ ಸಲ ಮೂರನೇ ಪೀಳಿಗೆಗೇ ಮುಗಿಯಿತು. ಮೂರನೇ ಸಲ ಎರಡರಲ್ಲೇ. ಇದನ್ನು ನಾನು ಗಮನಿಸಿದ್ದೆ. ಮಕ್ಕಳ ಕೈ ಪಳಗಿದೆ ಎಂದು ಖುಷಿಪಟ್ಟಿದ್ದೆ.

ಇನ್‌ಸ್ಪೆಕ್ಟರ್ ಬರುವ ಮಂಗಳವಾರ ಬೆಳಗ್ಗೆ ಟೀಚರುಗಳ ಕೋಣೆಯಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಅಕ್ರೋಟು ತುಂಬಿದ ಪುಟ್ಟ ಕೊಂಬಿನಾಕಾರದ ಬಿಸ್ಕತ್ತುಗಳನ್ನು ನಾನು ಹಿಂದಿನ ದಿನವೇ ಬೇಯಿಸಿ ತಂದಿದ್ದೆ. ವೆಟುರಿಯಾ ಒಂದನ್ನು ಬಾಯಿಗೆ ಹಾಕಿಕೊಂಡು, "ಯಾರು ಉಳೀತಾರೆ, ಯಾರು ಹೋಗ್ತಾರೆ ಅಂತ ತೋರಿಸೋಕೆ ಟ್ಯಾಬ್ಲೆಟ್ ಯಾಕೆ? ಮಕ್ಕಳನ್ನ ಈ ರೂಮಿಗೇ ಕರ್ಕೊಂಡು ಬಾ," ಎಂದರು. ಮರಿಯಾನ್ ಕಾಫಿ ಕಪ್ಪಿನೊಳಗೆ ನಕ್ಕ. ನನಗೆ ನಗು ಬರಲಿಲ್ಲ.

ಇನ್‌ಸ್ಪೆಕ್ಟರ್ ಪಾಮ್ಫಿಲ್ ಸಣಕಲು ಮನುಷ್ಯ, ಮಾತು ಕಡಿಮೆ. ಹಿಂದಿನ ಬೆಂಚಿನಲ್ಲಿ ಮುಖ್ಯೋಪಾಧ್ಯಾಯಿನಿಯ ಪಕ್ಕ ಕೂತು ನೋಟ್‌ಬುಕ್ ತೆರೆದರು. ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿದರು, ಎಂದಿಗಿಂತ ಜೋರಾಗಿ. ನಾನು ಮೊದಲ ಪ್ರಶ್ನೆ ಕೇಳಿದೆ. ಇಪ್ಪತ್ತನಾಲ್ಕು ಕೈಗಳು ಮೇಲೆದ್ದವು. ಬಲಗೈಗಳನ್ನು ಹುಡುಕಿ ಕೇಳುತ್ತಾ ಹೋದೆ. ಉತ್ತರಗಳು ತಡೆಯಿಲ್ಲದೆ ಬಂದವು.

ಆಟ ಶುರುಮಾಡುವ ಹೊತ್ತಿಗೆ ಪಾಮ್ಫಿಲ್ ತಲೆಯೆತ್ತಿ, "ಮೇಡಂ, ನೆಲ ಬದಲಾಯಿಸೋಕಾಗುತ್ತಾ ಇದರಲ್ಲಿ?" ಎಂದರು.

"ಆಗುತ್ತೆ ಸರ್. ಮಣ್ಣು ಇದೆ, ಒಣಹುಲ್ಲು ಇದೆ."

"ಒಣಹುಲ್ಲು ಹಾಕಿ."

ನನಗೆ ಒಳಗೊಳಗೆ ಸಂತೋಷವೇ ಆಯಿತು. ಒಣಹುಲ್ಲು ಹಳದಿ. ಈಗ ಕಂದು ಹುಳುಗಳೇ ಎದ್ದು ಕಾಣುತ್ತವೆ, ಅವೇ ಸಾಯುತ್ತವೆ. ಗೆರೆಗಳು ಅದಲುಬದಲಾಗುತ್ತವೆ, ಪಾಠ ಇನ್ನೂ ಚೆನ್ನಾಗಿ ಕಾಣುತ್ತದೆ. ನೆಲ ಬದಲಾಯಿಸಿ, "ಹಕ್ಕಿಗಳೇ, ತಿನ್ನಿ," ಎಂದೆ.

ಮಕ್ಕಳು ಪರದೆಯ ಮೇಲೆ ಬಾಗಿದರು. ಎಂದಿಗಿಂತ ಹೆಚ್ಚು ಹೊತ್ತು ಬಾಗಿದ್ದರು. ಮುಂದಿನ ಸಾಲಿನ ಪೆಟ್ರುಟ್ಸಾ ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋಗಿ, ಹುಬ್ಬು ಗಂಟಿಕ್ಕಿ ಏನನ್ನೋ ಹುಡುಕುತ್ತಿದ್ದಳು. ಒಂದು ಪೀಳಿಗೆ, ಎರಡು, ಮೂರು. ಗೋಡೆಯ ಪರದೆಯಲ್ಲಿ ಗೆರೆಗಳು ಮೂಡಿದವು. ಕಂದು ಗೆರೆ ಮೇಲೇರುತ್ತಿತ್ತು. ಹಳದಿ ಗೆರೆ ನೆಲಕ್ಕೆ ಇಳಿಯುತ್ತಿತ್ತು. ಐದನೇ ಪೀಳಿಗೆಗೆ ಹಳದಿ ಒಣಹುಲ್ಲಿನ ಮೇಲೆ ಹಳದಿ ಹುಳು ಒಂದೂ ಉಳಿದಿರಲಿಲ್ಲ.

ಏನು ಕೇಳಬೇಕೆಂದು ತೋಚದೆ ಅಭ್ಯಾಸದ ಪ್ರಶ್ನೆಯನ್ನೇ ಕೇಳಿದೆ. "ಹಳದಿ ಹುಳು ಯಾಕೆ ಕಡಿಮೆಯಾಯಿತು?"

ಇಲಿಂಕಾ ಬಲಗೈ ಎತ್ತಿದಳು. ತರಗತಿಯಲ್ಲೇ ಜಾಣೆ. "ಯಾಕಂದ್ರೆ ಹಳದಿ ಹುಳು ಎದ್ದು ಕಾಣುತ್ತೆ. ಹಕ್ಕಿ ಅದನ್ನೇ ಮೊದಲು ನೋಡುತ್ತೆ," ಎಂದು ಒಪ್ಪಿಸಿದಳು. ಒಪ್ಪಿಸಿದ ಮೇಲೆ ಗೋಡೆಯ ಕಡೆ ನೋಡಿದಳು. ಅವಳ ಮುಖ ನಿಧಾನವಾಗಿ ಬದಲಾಯಿತು. ಕೂತುಕೊಂಡಳು.

ಪಾಮ್ಫಿಲ್ ಬರೆಯುವುದನ್ನು ನಿಲ್ಲಿಸಿದರು. ಮುಖ್ಯೋಪಾಧ್ಯಾಯಿನಿ ಗಂಟಲು ಸರಿಮಾಡಿಕೊಂಡು, "ಯಂತ್ರದಲ್ಲಿ ಏನೋ ತೊಂದರೆ ಇರಬೇಕು. ಈ ವಾರ ಇಂಟರ್ನೆಟ್ಟೂ ಸರಿಯಿಲ್ಲ," ಎಂದರು. ನನ್ನ ಕಡೆ ನೋಡಿದ ನೋಟದಲ್ಲಿ ಕರುಣೆಯಿತ್ತು. ನಾನು ಹೌದು ಎಂದರೆ ಸಾಕಿತ್ತು.

ನಾನು ಪೆಟ್ರುಟ್ಸಾಳ ಬೆಂಚಿನ ಹತ್ತಿರ ಹೋದೆ. "ನಿನ್ನ ಪರದೆಯಲ್ಲಿ ಏನಾಯಿತು?"

ಅವಳು ಹೆಮ್ಮೆಯಿಂದಲೇ ಪಿಸುಗುಟ್ಟಿದಳು. "ಇವತ್ತು ಹಳದೀನ ಹುಡ್ಕೋದು ತುಂಬಾ ಕಷ್ಟ ಆಯ್ತು ಟೀಚರ್. ಆದ್ರೂ ಒಂದೂ ಬಿಡ್ಲಿಲ್ಲ."

ಆ ಪಿಸುಮಾತು ಹಿಂದಿನ ಬೆಂಚಿಗೂ ಕೇಳಿಸಿತು.

ಇವರು ಹಕ್ಕಿಗಳಾಗಿರಲಿಲ್ಲ. ಮೂರು ಸಲದ ಅಭ್ಯಾಸದಲ್ಲಿ ಯಾವ ಹುಳು ಸತ್ತರೆ ಟೀಚರ್ ಮುಖ ಅರಳುತ್ತದೆ ಎಂದು ಕಲಿತಿದ್ದರು. ಕಣ್ಣಿಗೆ ರಾಚುವ ಕಂದು ಹುಳುಗಳನ್ನು ಬಿಟ್ಟು, ಹುಲ್ಲಿನಲ್ಲಿ ಅಡಗಿದ ಹಳದಿಯನ್ನು ಕಷ್ಟಪಟ್ಟು ಹುಡುಕಿ ಹುಡುಕಿ ಕೊಂದಿದ್ದರು. ನನಗಾಗಿ. ನಾನು ಯಂತ್ರ ಕೆಟ್ಟಿದೆ ಎಂದರೆ, ಇಷ್ಟು ಶ್ರದ್ಧೆಯಿಂದ ಮಾಡಿದ ಕೆಲಸದ ಬಗ್ಗೆ ಇವರೂ ಸುಳ್ಳು ಹೇಳಬೇಕಾಗುತ್ತದೆ. ಮನೆಗೆ ಹೋದ ಮೇಲೂ ಇವರಿಗೆ ಆ ಸುಳ್ಳು ನೆನಪಿರುತ್ತದೆ. ನಿಸರ್ಗದ ಆಯ್ಕೆ ಎಂದರೆ ಏನೆಂದು ಮಾತ್ರ ಗೊತ್ತಿರುವುದಿಲ್ಲ.

"ಯಂತ್ರ ಸರಿಯಾಗಿದೆ," ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು. "ತಪ್ಪು ನನ್ನದು. ಈ ಪಾಠವನ್ನು ನಾವು ಈಗಾಗಲೇ ಮೂರು ಸಲ ಮಾಡಿದ್ದೇವೆ ಸರ್. ಉತ್ತರ ಇವರಿಗೆ ಮೊದಲೇ ಗೊತ್ತಿತ್ತು."

ಮುಖ್ಯೋಪಾಧ್ಯಾಯಿನಿ ಕಿಟಕಿಯ ಕಡೆ ತಿರುಗಿದರು. ಪಾಮ್ಫಿಲ್ ಪೆನ್ನು ಕೆಳಗಿಟ್ಟರು. ಅದು ಒಳ್ಳೆಯದೋ ಕೆಟ್ಟದ್ದೋ ಯೋಚಿಸಲು ನನಗೆ ಹೊತ್ತಿರಲಿಲ್ಲ, ಇಪ್ಪತ್ತನಾಲ್ಕು ಮುಖಗಳು ನನ್ನನ್ನೇ ನೋಡುತ್ತಿದ್ದವು.

"ಹಕ್ಕಿಗೆ ಏನು ಬೇಕು?" ಎಂದು ಕೇಳಿದೆ.

"ಊಟ," ಎಂದ ಹೊರಿಯಾ, ಕೈ ಎತ್ತುವುದನ್ನೂ ಮರೆತು.

"ನಿಮಗೆ ಏನು ಬೇಕಿತ್ತು?"

ಕಿಟಕಿಯ ಸಾಲಿನಿಂದ ಒಂದು ದನಿ ಬಂತು, "ನೀವು ಪಾಸಾಗೋದು."

ಒಂದಿಬ್ಬರು ನಕ್ಕರು. ನನಗೆ ಅಳು ಬರುವಂತಾಯಿತು, ತಡೆದುಕೊಂಡೆ. "ಹಾಗಾದರೆ ಹಳದಿ ಹುಳುಗಳು ಸತ್ತದ್ದು ಬಣ್ಣ ಎದ್ದು ಕಂಡದ್ದರಿಂದಲಾ?"

"ಅಲ್ಲ," ಎಂದಳು ಇಲಿಂಕಾ. "ನಾವು ಬೇಕು ಅಂತ ಆರಿಸಿದ್ವಿ."

ಹೊರಿಯಾ ಅರ್ಧ ಎದ್ದ. "ಟೀಚರ್, ನಮ್ಮ ತಾತ ಮಾಡ್ತಾರಲ್ಲ, ಹಾಗೇ. ಈಸ್ಟರ್ ಹಬ್ಬದೂಟಕ್ಕೆ ಯಾವ ಕುರಿಮರಿ ಕೊಯ್ಬೇಕು, ಯಾವುದನ್ನ ಇಟ್ಕೋಬೇಕು ಅಂತ ಅವ್ರೇ ನೋಡಿ ಹೇಳ್ತಾರೆ. ಒರಟು ಉಣ್ಣೆದು ಯಾವತ್ತೂ ಇಟ್ಕೊಳ್ಳಲ್ಲ. ಈಗ ನಮ್ಮ ಮಂದೇಲಿ ಒರಟು ಉಣ್ಣೆನೇ ಇಲ್ಲ."

"ನಿಮ್ಮ ತಾತನಿಗೆ ಏನು ಬೇಕು ಅಂತ ತಾತನಿಗೆ ಗೊತ್ತು," ಎಂದೆ. "ಬೇಲಿಯ ಹತ್ತಿರದ ಹಕ್ಕಿಗೆ ಹುಳುಗಳ ಮುಂದಿನ ಪೀಳಿಗೆ ಹೇಗಿರಬೇಕು ಅನ್ನುವ ಯೋಚನೆ ಇದೆಯಾ?"

"ಅದಕ್ಕೇನು ತಲೆಬಿಸಿ? ಕಂಡಿದ್ದನ್ನ ತಿನ್ನುತ್ತೆ."

"ಅಷ್ಟೇ. ಯಾರಿಗೂ ಏನೂ ಬೇಕಾಗಿಲ್ಲದೆ ಇದ್ದರೂ ಬಣ್ಣ ಬದಲಾಗುತ್ತದೆ. ಅದೇ ಈ ಪಾಠ." ಆಟವನ್ನು ಮೊದಲಿನಿಂದ ಹಾಕಿದೆ. "ಈಗ ನನ್ನನ್ನು ಮರೆತುಬಿಡಿ. ನನ್ನ ಮುಖ ನೋಡಬೇಡಿ. ನಿಮಗೆ ಹಸಿವಾಗಿದೆ. ಮೊದಲು ಕಂಡದ್ದನ್ನು ಮುಟ್ಟಿ."

ನಾನು ಮಕ್ಕಳಿಗೆ ಬೆನ್ನು ಹಾಕಿ ಕಿಟಕಿಯ ಹತ್ತಿರ ನಿಂತೆ. ಗೆರೆಗಳನ್ನೂ ನೋಡಲಿಲ್ಲ. ಬೆರಳುಗಳು ಗಾಜಿಗೆ ತಾಗುವ ಸದ್ದು ಮಾತ್ರ ಕೇಳುತ್ತಿತ್ತು. ಮುಗಿದ ಮೇಲೆ ತಿರುಗಿದೆ. ಕಂದು ಗೆರೆ ಇಳಿದಿತ್ತು. ಪೂರ್ತಿಯಲ್ಲ, ಅಂಕುಡೊಂಕಾಗಿ, ಒಮ್ಮೆ ಏರಿ ಮತ್ತೆ ಇಳಿದಿತ್ತು. ಅಭ್ಯಾಸದ ಗೆರೆಯಷ್ಟು ಚಂದವಿರಲಿಲ್ಲ.

ಪಾಮ್ಫಿಲ್ ಎದ್ದು ಬೆಂಚುಗಳ ನಡುವೆ ನಡೆದು ಬಂದರು. ಪೆಟ್ರುಟ್ಸಾಳ ಟ್ಯಾಬ್ಲೆಟ್ ಎತ್ತಿ ಎಲ್ಲರಿಗೂ ತೋರಿಸಿದರು. ಅವಳ ಹುಲ್ಲಿನ ಮೇಲೆ ಈ ಸಲವೂ ಹಳದಿ ಹುಳುಗಳೇ ಕಡಿಮೆಯಾಗಿದ್ದವು. "ಇಲ್ಲಿ ಯಾಕೆ ಹೀಗೆ? ಈ ಹುಡುಗಿ ಮತ್ತೆ ಟೀಚರ್‌ಗೆ ಸಹಾಯ ಮಾಡಿದಳೇ?"

"ಇಲ್ಲ ಸರ್," ಎಂದಳು ಪೆಟ್ರುಟ್ಸಾ, ಕೆಂಪಗಾಗಿ.

"ಮತ್ತೆ ಯಾಕೆ? ಯಾರು ಹೇಳ್ತೀರಿ?"

ಈ ಪ್ರಶ್ನೆ ನಮ್ಮ ಅಭ್ಯಾಸದಲ್ಲಿರಲಿಲ್ಲ. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ, ನಾನು ಕಲಿಸಿದ ನಿಯಮದ ಪ್ರಕಾರವೇ, ಕೈಗಳು ಒಂದೊಂದಾಗಿ ಮೇಲೆದ್ದವು. ಎಲ್ಲವೂ ಎಡಗೈ. ಇಲಿಂಕಾಳದು ಕೂಡ.

ಪಾಮ್ಫಿಲ್ ಆ ಕೈಗಳ ಕಾಡನ್ನು ಸ್ವಲ್ಪ ಹೊತ್ತು ನೋಡಿದರು. "ನಾನೂ ಇಪ್ಪತ್ತು ವರ್ಷ ಮೇಷ್ಟ್ರಾಗಿದ್ದೆ ಮೇಡಂ," ಎಂದರು. "ಯಾರನ್ನ ಕೇಳ್ತೀರಿ?"

ನನ್ನ ಕಿವಿ ಬಿಸಿಯಾಯಿತು. "ಪೆಟ್ರುಟ್ಸಾ," ಎಂದೆ.

"ನಂಗೆ ಗೊತ್ತಿಲ್ಲ ಟೀಚರ್."

"ಗೊತ್ತಿಲ್ಲ ಅಂತಲೇ ಕೇಳಿದೆ. ಏನು ನೋಡಿದೆ, ಅದನ್ನು ಹೇಳು."

ಅವಳು ಪರದೆಯನ್ನು ನೋಡುತ್ತಾ ತಡೆತಡೆದು ಹೇಳಿದಳು. "ಶುರುವಲ್ಲಿ ಮೂರು ಹಳದಿ ನನ್ನ ಬೆರಳ ಹತ್ರಾನೇ ಇದ್ವು. ಅವು ಹೋದ್ವು. ಆಮೇಲೆ ಹಳದಿ ಮರಿ ಕಡಿಮೆ ಆದ್ವು. ಕಾರಣ ಅಂತ ಏನಿಲ್ಲ. ಸುಮ್ನೆ ಹಂಗಾಯ್ತು."

"ನಿಸರ್ಗದಲ್ಲೂ ಸುಮ್ಮನೆ ಹಾಗಾಗುತ್ತಾ?" ಎಂದರು ಪಾಮ್ಫಿಲ್.

ಅವಳು ನನ್ನನ್ನು ನೋಡಿದಳು. ನಾನು ಮುಖದಲ್ಲಿ ಏನನ್ನೂ ತೋರಿಸದಿರಲು ಪ್ರಯತ್ನಿಸಿದೆ. "ಆಗ್ಬಹುದು," ಎಂದಳು. "ಹುಳು ಕಡಿಮೆ ಇದ್ರೆ." ಅಷ್ಟರಲ್ಲಿ ಗಂಟೆ ಹೊಡೆಯಿತು.

ಟೀಚರುಗಳ ಕೋಣೆಯಲ್ಲಿ ಪಾಮ್ಫಿಲ್ ನಾಲ್ಕು ಬಿಸ್ಕತ್ತು ತಿಂದರು. ಮೊದಲೇ ಮಾಡಿಸಿಟ್ಟ ಪಾಠಕ್ಕೆ ಅಂಕ ಕೊಡಲು ನಿಯಮವಿಲ್ಲ ಎಂದರು. ಆಮೇಲೆ ಮಾಡಿದ ಪಾಠಕ್ಕೆ ಕೊಡಬಹುದಿತ್ತು, ಆದರೆ ಅದು ನಡೆದದ್ದು ಇಪ್ಪತ್ತೆರಡು ನಿಮಿಷ, ಬೇಕಾದದ್ದು ಐವತ್ತು. "ಮೇ ತಿಂಗಳಲ್ಲಿ ಒಂದು ದಿನ ಬರ್ತೀನಿ. ಪಟ್ಟಿಗೆ ಮುಂಚೇನೇ. ಯಾವ ದಿನ ಅಂತ ಹೇಳಲ್ಲ." ಕಾಗದದಲ್ಲಿ ಅಂಕದ ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕಿದರು.

ಅವರು ಹೋದ ಮೇಲೆ ವೆಟುರಿಯಾ ನನ್ನ ಪಕ್ಕ ಬಂದು ಕೂತರು. "ಹೌದು ಅಂದಿದ್ರೆ ಮುಗೀತಿತ್ತಲ್ಲೇ. ಇಂಟರ್ನೆಟ್ ಯಾವತ್ತು ಸರಿ ಇತ್ತು ನಮ್ಮೂರಲ್ಲಿ?" ಎಂದರು. ಆಮೇಲೆ, "ಎಡಗೈನೂ ಕಂಡುಹಿಡಿದುಬಿಟ್ರಾ?" ಎಂದು ಕೇಳಿದರು. ಹೌದು ಎಂದೆ. ಅವರು ಮೇಜಿನ ಮೇಲಿನ ಬಿಸ್ಕತ್ತಿನ ಪುಡಿಯನ್ನು ಅಂಗೈಗೆ ಗುಡಿಸಿಕೊಳ್ಳುತ್ತಾ ಕೂತರು.

ಈಗ ಮೇ ಎರಡನೇ ವಾರ. ಹುದ್ದೆ ಉಳಿಯುತ್ತದೋ ಇಲ್ಲವೋ ನನಗೆ ತಿಳಿಯದು. ಯಾವ ಪಾಠದ ದಿನ ಅವರು ಬರುತ್ತಾರೆಂದು ತಿಳಿಯದ ಕಾರಣ ಯಾವುದನ್ನೂ ಮೊದಲೇ ಮಾಡಿಸಲು ಆಗುವುದಿಲ್ಲ. ಕಾರಿಡಾರಿನಲ್ಲಿ ಹೆಜ್ಜೆ ಸದ್ದು ಕೇಳಿದರೆ ಇವತ್ತಿಗೂ ನನ್ನ ಮಾತು ಅರ್ಧಕ್ಕೆ ನಿಲ್ಲುತ್ತದೆ. ಮಕ್ಕಳಿಗೆ ಅದೂ ಗೊತ್ತಾಗಿದೆ. ನಿನ್ನೆ ಹೊರಿಯಾ ಬಾಗಿಲ ಸಂದಿಯಿಂದ ನೋಡಿ, "ಅವ್ರಲ್ಲ ಟೀಚರ್, ಗಿಡಕ್ಕೆ ನೀರು ಹಾಕೋರು. ನೀವು ಹೇಳಿ," ಎಂದ.

ಕೈಯ ನಿಯಮವನ್ನು ನಾನು ತೆಗೆದುಹಾಕಲಿಲ್ಲ, ಅವರಿಗೆ ಅದು ರೂಢಿಯಾಗಿಬಿಟ್ಟಿದೆ. ಪ್ರಶ್ನೆ ಕೇಳುತ್ತೇನೆ, ಕೈಗಳು ಏಳುತ್ತವೆ. ಒಮ್ಮೆ ಬಾಗಿಲ ಕಡೆ ನೋಡುತ್ತೇನೆ. ಆಮೇಲೆ ಎಡಗೈ ಎತ್ತಿದ ಒಬ್ಬರ ಹೆಸರು ಹಿಡಿದು ಕರೆಯುತ್ತೇನೆ.