ಬಾಗಿಲಂಚಿನ ಪಟ್ಟಿ

ಮೊದಲ ಸಲ ಹಿಡಿಕೆ ತಿರುಗಿಸಿದಾಗ ನನಗೇನೂ ಅನಿಸಲಿಲ್ಲ. ಕೈ ಬೆವತಿತ್ತು, ಜಾರಿರಬೇಕು ಎಂದುಕೊಂಡು ಸೆರಗಿಗೆ ಒರೆಸಿಕೊಂಡೆ. ಎರಡನೆಯ ಸಲ ಬೀಗದ ನಾಲಗೆ ಒಳಕ್ಕೆ ಸರಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಭುಜ ಕೊಟ್ಟು ತಳ್ಳಿದೆ. ಬಾಗಿಲು ಕದಲಲಿಲ್ಲ.

ಹಿಂದೆ ಹಲಗೆಯ ಮೇಲೆ ಸಹನಾ ಮಲಗಿದ್ದಳು. ಆರು ವರ್ಷದ ಮಗಳು. ಕೂದಲು ಹಣೆಗೆ ಅಂಟಿಕೊಂಡಿತ್ತು. ತಲೆಯ ಮೇಲಿದ್ದ ಪುಟ್ಟ ಫ್ಯಾನು ಬ್ಯಾಟರಿ ಇಳಿದು ಆಗಲೇ ನಿಂತಿತ್ತು. ಅದು ನಿಂತದ್ದಕ್ಕೇ ನಾನು ಬಾಗಿಲು ತೆರೆಯಲು ಎದ್ದದ್ದು.

ಮೇ ತಿಂಗಳ ಮಧ್ಯಾಹ್ನ. ಗನ್ನವರಂ ವಿಮಾನ ನಿಲ್ದಾಣದ ಹತ್ತಿರ, ಹೆದ್ದಾರಿಯಿಂದ ಒಳಗೆ, ಸೈಟು ಮಾಡಿ ಮಾರಲು ಕಲ್ಲು ನೆಟ್ಟ ಬಯಲು. ನಮ್ಮವರು ಗುರುದತ್ತ, ನಾವು ಮಲಗಲು ಕಟ್ಟಿಕೊಂಡಿದ್ದ ಈ ಟ್ರೇಲರನ್ನು ಕಾರಿನಿಂದ ಬಿಚ್ಚಿ ಅಲ್ಲಿ ನಿಲ್ಲಿಸಿ, ಬೆಂಗಳೂರಿನಿಂದ ವಿಮಾನದಲ್ಲಿ ಬರುವ ತಮ್ಮ ವಿನಾಯಕನನ್ನು ಕರೆತರಲು ಹೋಗಿದ್ದರು. ಆಮೇಲೆ ಎಲ್ಲರೂ ವಿಜಯವಾಡಕ್ಕೆ, ದುರ್ಗಮ್ಮನ ದರ್ಶನಕ್ಕೆ. "ಮಗು ಮಲಗಿದೆ, ಎಬ್ಬಿಸಬೇಡ. ಬಾಗಿಲು ಹಾಕ್ಕೊಂಡಿರು, ಯಾರಾದ್ರೂ ಬಂದಾರು. ಹೋದೆ, ಬಂದೆ" ಎಂದಿದ್ದರು. ನನ್ನ ಫೋನು ಕಾರಿನಲ್ಲಿ ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿದಿತ್ತು.

ಇನ್ನೊಮ್ಮೆ ತಳ್ಳಿದೆ. ಕಾಲಿನಿಂದ ಒದ್ದೆ. ಬಾಗಿಲ ಕೆಳಭಾಗ ಕೊಂಚ ಅಲುಗಿತು, ಮೇಲುಭಾಗವೂ ಅಲುಗಿತು. ನಡುಭಾಗವನ್ನು ಮಾತ್ರ ಯಾರೋ ಹೊರಗಿನಿಂದ ಅದುಮಿ ಹಿಡಿದಂತಿತ್ತು. ನಿಜವಾಗಿಯೂ ಯಾರೋ ಹಿಡಿದಿದ್ದಾರೆ ಎಂದು ಒಂದು ಕ್ಷಣ ನಂಬಿದೆ. "ಎವರು?" ಎಂದು ತೆಲುಗಿನಲ್ಲಿ ಕೇಳಿದೆ.  ದೂರದಲ್ಲಿ ಲಾರಿಗಳು ಹೋಗುತ್ತಿದ್ದವು, ಅಷ್ಟೆ.

ಆಮೇಲೆ ಕೂಗಿದೆ. ನನಗೆ ಕೂಗಿ ಅಭ್ಯಾಸವಿಲ್ಲ. ತುಮಕೂರಿನ ಕಡೆಯ ನಮ್ಮೂರಿನಲ್ಲಿ ಅಪ್ಪ ದೇವಸ್ಥಾನದ ಜಗಲಿಯಲ್ಲಿ ಕಾವ್ಯ ಓದುತ್ತಿದ್ದರು, ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಕೇಳುವುದೇ ನನಗೆ ಬಂದ ವಿದ್ಯೆ. ಆ ಬಯಲಲ್ಲಿ ನನ್ನ ದನಿ ತಗಡಿನ ಗೋಡೆಗೆ ಬಡಿದು ನನ್ನ ಕಿವಿಗೇ ವಾಪಸು ಬಂತು. ಸಹನಾ ಎದ್ದಳು.

"ಅಮ್ಮಾ, ಯಾಕೆ ಅರಿಚ್ತಿದೀಯ?"

"ಏನಿಲ್ಲ ಪುಟ್ಟ. ಬಾಗಿಲು ಸ್ವಲ್ಪ ಬಿಗಿಯಾಗಿದೆ."

"ನಾನ್ನ ಎಕ್ಕಡ?"

"ಬರ್ತಾರೆ. ಅಪ್ಪ ಚಿಕ್ಕಪ್ಪನ್ನ ಕರ್ಕೊಂಡು ಬರ್ತಾರೆ."

"ನಂಗೆ ಉಕ್ಕ. ತುಂಬಾ ಉಕ್ಕ" ಎಂದು ಅವಳು ಅಂಗಿ ಕಿತ್ತೆಸೆದಳು. ತೆಲುಗಿನ ನಡುವೆ ಬೆಳೆದ ಅವಳ ಬಾಯಿಗೆ ಸೆಕೆ ಎನ್ನುವ ಮಾತು ಯಾವತ್ತೂ ಬರುವುದಿಲ್ಲ. ಅವಳ ಬೆನ್ನು ಮುಟ್ಟಿದೆ. ಜ್ವರ ಬಂದವರ ಬೆನ್ನಿನಂತೆ ಸುಡುತ್ತಿತ್ತು. ಅದಕ್ಕಿಂತ ಹೆಚ್ಚು ಹೆದರಿಸಿದ್ದು, ಅಲ್ಲಿ ಬೆವರಿರಲಿಲ್ಲ.

ಬಾಗಿಲ ಪಕ್ಕದಲ್ಲಿ ಒಂದು ಕಿಟಕಿಯಿತ್ತು. ಸರಿಸಿದರೆ ತೋಳು ತೂರುವಷ್ಟು ಮಾತ್ರ ತೆರೆಯುವಂಥದ್ದು. ಅಲ್ಲಿಂದ ಬರುವ ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ಮಗುವನ್ನು ಅದರ ಎದುರು ಕೂರಿಸಿ ನಾನು ಬಾಗಿಲನ್ನು ನೋಡಿದೆ.

ಆ ಬಾಗಿಲು ನನಗೆ ಚೆನ್ನಾಗಿ ಗೊತ್ತು. ಅದನ್ನು ಮಾಡುವಾಗ ನಾನೂ ಇದ್ದೆ. ನಮ್ಮವರು ಬ್ಯಾಂಕಿನಲ್ಲಿ ಅಧಿಕಾರಿ, ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದವರು. ಎಂವಿಪಿ ಕಾಲೋನಿಯ ನಮ್ಮ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಸೆಲ್ಲಾರಿನಲ್ಲಿ ಚಳಿಗಾಲವಿಡೀ ಈ ಟ್ರೇಲರ್ ಕಟ್ಟಿದರು. ಪ್ಲೈವುಡ್ ಗೋಡೆ, ಮೇಲೆ ತಗಡು, ಎಲ್ಲ ಅಂಚಿಗೂ ಬಂಗಾರದ ಬಣ್ಣದ ಅಲ್ಯೂಮಿನಿಯಂ ಪಟ್ಟಿಯ ಅಲಂಕಾರ. ಪಟ್ಟಿಯನ್ನು ತಗಡು ಕತ್ತರಿಯಿಂದ ಕತ್ತರಿಸಿ, ಅರ ಹಾಕಿ, ಕಬ್ಬಿಣದ ಕೋನದ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಮಡಿಸುತ್ತಿದ್ದರು. ಇನ್ನೊಂದು ತುದಿ ಹಿಡಿದುಕೊಳ್ಳುವುದು ನನ್ನ ಪಾಲಿನ ಕೆಲಸ. ಬೆಳಗಿನ ಹೊತ್ತು ಆ ಪಟ್ಟಿ ಕೈಯಲ್ಲಿ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

ಮೇಲಿನ ಮನೆಯ ದುರ್ಗಾಪ್ರಸಾದ್ ಹಾಲಿನ ಪ್ಯಾಕೆಟ್ಟು ಹಿಡಿದು ನಿಂತು ನೋಡುತ್ತಿದ್ದರು. "ಏಮಂಡಿ ಗುರುದತ್ತಗಾರೂ, ಇದಿ ಬಂಡೀನಾ, ರಥಮಾ?"

"ರಥಮೇ ಅಂಡಿ. ದೇವುಡು ಮೀರೇ ಕೂರ್ಚೋಂಡಿ, ನೇನು ಲಾಗುತಾನು" ಎಂದು ಇವರು. ದೇವರಾಗಿ ನೀವೇ ಕೂತುಕೊಳ್ಳಿ, ನಾನು ಎಳೆಯುತ್ತೇನೆ ಎಂದದ್ದಕ್ಕೆ ದುರ್ಗಾಪ್ರಸಾದ್ ಹೊಟ್ಟೆ ಹಿಡಿದು ನಕ್ಕಿದ್ದರು.

ಬಾಗಿಲ ಚೌಕಟ್ಟಿಗೆ ಪಟ್ಟಿ ಕೂರಿಸಿದ ದಿನ ಇವರು ಪ್ರತಿ ಮೂಲೆಯಲ್ಲೂ ಕಡ್ಡಿಯಷ್ಟು ಸಂದು ಬಿಟ್ಟಿದ್ದರು. ಯಾವುದೋ ವಿಡಿಯೋದಲ್ಲಿ ಹಾಗೆ ಮಾಡಿದ್ದರಂತೆ. ಫೋನಿನಲ್ಲಿ ತೋರಿಸಿದಾಗ ಅತ್ತೆ ಇಂದಿರಮ್ಮನ ಕಣ್ಣು ನೇರ ಅಲ್ಲಿಗೇ ಹೋಯಿತು.

"ಅದೇನೋ ಅದು, ಬಾಗಿಲವಾಡ ಮೂಲೇಲಿ ಬಿರುಕು ಬಿಟ್ಟಿದೆ!"

"ಬಿರುಕಲ್ಲಮ್ಮ, ಸಂದು. ಇದು ಚಕ್ರದ ಮೇಲಿರೋ ಮನೆ."

"ಚಕ್ರ ಇದ್ರೇನು, ಒಳಗೆ ಮಲಗೋರು ಮನುಷ್ಯರು ತಾನೆ? ಒಡೆದ ಬಾಗಿಲವಾಡಕ್ಕೆ ಅರಿಶಿನ ಕುಂಕುಮ ಇಡೋದು ಹೇಗೋ? ಸುಲೋಚನಾ, ನೀನಾದ್ರೂ ಹೇಳಬಾರದೇನೆ?"

 ಇವರು ಆ ಪಟ್ಟಿಗಳನ್ನು ಬಿಚ್ಚಿ, ಹೊಸದನ್ನು ಅಳತೆಗಿಂತ ಕೂದಲೆಳೆಯಷ್ಟು ಹೆಚ್ಚು ಉದ್ದವಾಗಿಯೇ ಕತ್ತರಿಸಿ, ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ನಡುವೆ ಕೊಡತಿಯಿಂದ ಬಡಿದು ತೂರಿಸಿದರು. "ನೋಡಮ್ಮ, ಈಗ ಉಸಿರೂ ಆಡಲ್ಲ." ಹೊರಮಡಿಕೆಗೆ ಸ್ಕ್ರೂ ಬಿತ್ತು. ಬಾಗಿಲ ಸಂದಿನೊಳಕ್ಕೆ ತಿರುಗಿದ ಒಳಮಡಿಕೆಗೆ ಸ್ಕ್ರೂ ಇರಲಿಲ್ಲ. ನಾನು ಅರಿಶಿನ ಕುಂಕುಮ ಹಚ್ಚಿದೆ.

ಈಗ ಒಳಗಿನಿಂದ ನೋಡಿದರೆ ಬಾಗಿಲ ಸುತ್ತ ಬೆಳಕಿನ ಸಣ್ಣ ಗೆರೆ ಕಾಣುತ್ತಿತ್ತು. ಮೇಲಿತ್ತು, ಕೆಳಗಿತ್ತು. ಹಿಡಿಕೆಯ ಬಳಿ ಮಾತ್ರ ಗೆರೆ ತುಂಡಾಗಿತ್ತು. ಅಲ್ಲಿ ಉಗುರು ತೂರಿಸಿ ನೋಡಿದೆ. ಪಟ್ಟಿಯ ಒಳಮಡಿಕೆ ಹೊಟ್ಟೆ ಉಬ್ಬಿಸಿಕೊಂಡು ಬಾಗಿಲನ್ನು ಕಚ್ಚಿತ್ತು. ಬೆರಳು ಚುರ್ ಎಂದಿತು.

ಕಾದ ಲೋಹ ಬೆಳೆಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ. ಬೆಳೆಯಲು ಜಾಗವಿಲ್ಲದ ಕಡೆ ಏನಾಗುತ್ತದೆ ಎಂಬುದು ನನ್ನ ಮುಂದಿತ್ತು. ಬಿಸಿಲು ಆ ಮಗ್ಗುಲಿಗೇ ಬಡಿಯುತ್ತಿತ್ತು, ಇನ್ನೂ ಬಹಳ ಹೊತ್ತು ಬಡಿಯಲಿತ್ತು.

"ಅಮ್ಮಾ, ನೀಳ್ಳು."

ಕ್ಯಾನಿನಲ್ಲಿ ಅರ್ಧಕ್ಕಿಂತ ಕಡಿಮೆ ನೀರಿತ್ತು. ಅದನ್ನು ಎತ್ತಿದಾಗಲೇ ಆ ಯೋಚನೆ ಬಂದದ್ದು.  ಪಟ್ಟಿ ತಣಿದರೆ ಬಾಗಿಲು ಬಿಡಬಹುದು. ಬಿಡದಿದ್ದರೆ ಕುಡಿಯಲೂ ನೀರಿಲ್ಲ, ಹೊರಗೂ ದಾರಿಯಿಲ್ಲ. ವಿಮಾನ ತಡವಾಗಿದ್ದರೆ? ಅಮ್ಮಾ ದುರ್ಗೇ, ನಿನ್ನ ಊರ ಬಾಗಿಲಿಗೆ ಬಂದು ಹೀಗೆಯೇ?

ಮಗಳಿಗೆ ಒಂದು ಲೋಟ ಕುಡಿಸಿದೆ. ಇನ್ನೂ ಬೇಕೆಂದಳು. ಉಳಿದದ್ದರಲ್ಲಿ ಒಂದು ಬಾಟಲಿ ತುಂಬಿಕೊಂಡು ಹಲಗೆಯ ಮೇಲೆ ನಿಂತು ತೋಳನ್ನು ಕಿಟಕಿಯಿಂದ ಹೊರಗೆ ಚಾಚಿದೆ. ಗಾಬರಿಯಲ್ಲಿ ಮೊದಲ ಬಾಟಲಿ ಒಂದೇ ಸಲಕ್ಕೆ ಸುರಿದುಹೋಯಿತು. ನೀರು ಪಟ್ಟಿಯ ಮೇಲಿಂದ ಹಾರಿ ಮಣ್ಣಿಗೆ ಬಿತ್ತು. ಮಣ್ಣು ಕುಡಿದ ಸದ್ದು ಕೇಳಿಸಿತು. ನನಗೆ ಅಳು ಬಂತು.

"ಅಮ್ಮಾ! ನೀಳ್ಳು ಯಾಕೆ ಬಯಟ ಪೋಸ್ತಿದೀಯ? ನಂಗೆ ಬೇಕು!"

"ಸುಮ್ಮನಿರು ಕಂದ. ಅಭಿಷೇಕ ಮಾಡ್ತಿದೀನಿ."

ಬಾಯಿಗೆ ಬಂದದ್ದನ್ನು ಹೇಳಿದ್ದೆ, ಆದರೆ ಆ ಮಾತೇ ಕೈಯನ್ನು ಹಿಡಿದು ನಿಲ್ಲಿಸಿತು. ಅಭಿಷೇಕದ ಧಾರೆ ನೂಲಿನಂತೆ ಇಳಿಯಬೇಕು. ಕ್ಯಾನಿನಲ್ಲಿದ್ದ ಕೊನೆಯ ನೀರನ್ನು ಬಾಟಲಿಗೆ ತುಂಬಿಕೊಂಡೆ. ಅಪ್ಪನಿಂದ ಕೇಳಿದ್ದ ದೇವಿಯ ಸ್ತುತಿಯೊಂದನ್ನು ಹೇಳತೊಡಗಿದೆ. ಕಣ್ಣು ಮುಚ್ಚಿ, ಒಂದು ಸಾಲಿಗೆ ಒಂದು ಧಾರೆ, ಪಟ್ಟಿಯ ಮೇಲುತುದಿಯಿಂದ. ಸಾಲು ಮುಗಿದಾಗ ಅಪ್ಪ ಉಸಿರು ತೆಗೆದುಕೊಳ್ಳುತ್ತಿದ್ದಲ್ಲಿ ನಾನೂ ನಿಲ್ಲಿಸಿದೆ, ನೀರು ಅಂಚು ಹಿಡಿದು ಕೆಳಗಿಳಿಯುವವರೆಗೆ. ಮತ್ತೆ ಸಾಲು, ಮತ್ತೆ ಧಾರೆ. ಸಹನಾ ನನ್ನ ಕಾಲು ತಬ್ಬಿಕೊಂಡು ಅಳುತ್ತಿದ್ದಳು. ಬರಬರುತ್ತ ಅವಳ ಅಳು ಸಣ್ಣದಾಯಿತು. ಅದು ಸಣ್ಣದಾದದ್ದು ಕೇಳಿ ನನ್ನ ದನಿ ಒಡೆಯಿತು. ಆದರೂ ಬಿಡಲಿಲ್ಲ.

ಬಾಟಲಿ ಖಾಲಿಯಾಗುತ್ತಿರುವಾಗ ಟಕ್ ಎಂದಿತು.

ಅಷ್ಟೇ ಸದ್ದು. ಇಳಿದು ನೋಡಿದರೆ ಹಿಡಿಕೆಯ ಬಳಿ ಬೆಳಕಿನ ಗೆರೆ ಕೂಡಿಕೊಂಡಿತ್ತು. ಹಿಡಿಕೆ ತಿರುಗಿಸಿ ಮೈಯೆಲ್ಲ ಹಾಕಿ ತಳ್ಳಿದೆ. ಬಾಗಿಲು ಕಿರುಚಿಕೊಂಡು ತೆರೆಯಿತು. ನಾನು ಮಗುವಿನೊಡನೆ ಮಣ್ಣಿಗೆ ಬಿದ್ದೆ. ತೆವಳಿಕೊಂಡು ಟ್ರೇಲರಿನ ಆಚೆ ಮಗ್ಗುಲ ನೆರಳಿಗೆ ಹೋಗಿ, ಬಾಟಲಿಯ ತಳದಲ್ಲಿದ್ದ ಗುಟುಕನ್ನು ಅವಳ ತುಟಿಗೆ ಹಿಡಿದೆ. ಕುಡಿದಳು. ಆಮೇಲೆ ಅವಳ ಹಣೆಯಲ್ಲಿ ಬೆವರು ಮೂಡಿತು.

ಕಾರು ಬಂದು ಬಾಗಿಲ ಎದುರಿಗೆ ನಿಂತಾಗ ಮಗುವನ್ನೆತ್ತಿಕೊಂಡು ಅದರ ನೆರಳಿಗೆ ಹೋಗಿ ಕೂತೆ. ಕಾರಿನಲ್ಲಿದ್ದ ನೀರನ್ನು ಸಹನಾಗೆ ಕುಡಿಸಿ, ತಲೆಗೂ ಸುರಿದೆ. ವಿನಾಯಕ ಚೀಲ ಇಳಿಸುತ್ತ, "ಏನತ್ತಿಗೆ, ಇಷ್ಟು ಚೆನ್ನಾಗಿರೋ ಬಂಗಲೆ ಬಿಟ್ಟು ಮಣ್ಣಲ್ಲಿ ಕೂತಿದೀರಿ?" ಎಂದ.

ನಡೆದದ್ದನ್ನು ಹೇಳಿದೆ. ನನ್ನ ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ. ಇವರು ನನ್ನನ್ನೂ ಬಾಗಿಲನ್ನೂ ನೋಡಿದರು.

"ಹಾಗೆಲ್ಲ ಆಗಲ್ಲ ಕಣೆ. ಗಾಬರೀಲಿ ಬೀಗ ಉಲ್ಟಾ ತಿರುಗಿಸಿರ್ತೀಯ. ನೋಡು" ಎಂದು ಬಾಗಿಲನ್ನು ಹೊರಗಿನಿಂದ ತಳ್ಳಿ ಬಲವಾಗಿ ಹಾಕಿದರು. ಪಟ್ಟಿ ಆಗಲೇ ಒಣಗಿತ್ತು. ಅರಿಶಿನ ತೊಳೆದುಹೋಗಿ ಬರಿಯ ಬಂಗಾರದ ಬಣ್ಣ ಬಿಸಿಲಿಗೆ ಉರಿಯುತ್ತಿತ್ತು.

ಹಿಡಿಕೆ ತಿರುಗಿಸಿ ಎಳೆದರು. ಬರಲಿಲ್ಲ. ನಕ್ಕರು. ಒಂದು ಕಾಲನ್ನು ಗೋಡೆಗೆ ಒತ್ತಿಟ್ಟು ಎರಡೂ ಕೈಯಿಂದ ಎಳೆದರು. ವಿನಾಯಕನೂ ಕೈ ಹಾಕಿದ. ಬಾಗಿಲು ಬರಲಿಲ್ಲ. ಇವರ ನಗು ಮುಖದಿಂದ ಇಳಿದುಹೋದದ್ದನ್ನು ನಾನು ನೋಡಿದೆ. ಗಕ್ಕನೆ ತಿರುಗಿದರು. ಸಹನಾ ನನ್ನ ತೊಡೆಯ ಮೇಲೆಯೇ ಇದ್ದಳು, ಅವರಿಗೆ ಕಾಣುವ ಹಾಗೆಯೇ ಇದ್ದಳು.

"ಒಳಗೆ ಯಾರೂ ಇಲ್ಲ ತಾನೆ?" ಎಂದು ಕೇಳಿದರು.  "ಸುಲೋಚನಾ, ಒಳಗೆ ಯಾರೂ ಇಲ್ಲ ತಾನೆ?"