ಅಳಿಸದೆ ಉಳಿದ ಅನುಮತಿ

ಆ ಆಸ್ಪತ್ರೆಯ ಕಂಪ್ಯೂಟರುಗಳಲ್ಲಿ ಯಾರಿಗೆ ಏನು ಕಾಣಬೇಕು, ಏನು ಕಾಣಬಾರದು ಎಂಬುದನ್ನು ನೋಡಿಕೊಳ್ಳುವವನು ಒಬ್ಬನೇ. ಕಿಟಕಿಯಿಲ್ಲದ ಕೋಣೆಯಲ್ಲಿ ಹದಿನೆಂಟು ವರ್ಷ ಕೂತು ಅವನ ಬೆನ್ನು ಕುರ್ಚಿಯ ಆಕಾರಕ್ಕೇ ಬಾಗಿಹೋಗಿತ್ತು. ಎಲ್ಲರೂ ಅವನನ್ನು ಬೀಗದಣ್ಣ ಎನ್ನುತ್ತಿದ್ದರು. ಬೀಗದಣ್ಣನ ಕಣ್ಣು ತಪ್ಪಿಸಿ ಇಲಿಯೂ ನುಸುಳದು ಎಂದು ಯಾರಾದರೂ ಅಂದರೆ ಅವನು ಒಳಗೊಳಗೇ ಹಿಗ್ಗುತ್ತಿದ್ದ.

ಒಂದು ಮಂಗಳವಾರ ಬೆಳಿಗ್ಗೆ, ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಹೆಂಗಸು ಅವನ ಬಾಗಿಲಲ್ಲಿ ನಿಂತಳು. ಅವಳ ಗಂಡ ಊರಿನ ಇನ್ನೊಂದು ತುದಿಯಲ್ಲಿದ್ದ ಅದೇ ಆಸ್ಪತ್ರೆಯ ಮುಖ್ಯ ಕಚೇರಿಯಲ್ಲಿ ಸಿಬ್ಬಂದಿಯ ಕಡತ ನೋಡುವವನು. ಅವನ ಹೊಡೆತ ತಾಳಲಾರದೆ ಅವಳು ಎಂಟು ವರ್ಷದ ಮಗಳನ್ನು ಕಟ್ಟಿಕೊಂಡು ಮನೆಬಿಟ್ಟು ಎರಡು ವಾರವಾಗಿತ್ತು. ಅವನು ಬೆನ್ನುಹತ್ತದಿರಲೆಂದು ಸಂಜೆ ಹಿಂಬಾಗಿಲಿನಿಂದ ಆಂಬುಲೆನ್ಸಿನಲ್ಲಿ ಕೂತು ಹೊರಬೀಳುತ್ತಿದ್ದಳು.

"ಅಣ್ಣಾ, ಹೊಸ ಮನೆ ವಿಳಾಸ ಇವತ್ತೇ ಕೊಡ್ಬೇಕಂತೆ. ಕೊಟ್ರೆ ಅವ್ರ ಕಣ್ಣಿಗೆ ಬೀಳತ್ತೆ," ಎಂದು, ಗಂಡನಿಗೆ ತನ್ನ ಕಡತ ಕಾಣದಂತೆ ಮಾಡಲು ಮೇಲಧಿಕಾರಿಯ ಸಹಿಯಿದ್ದ ಕಾಗದ ಚಾಚಿದಳು.

"ಕೂತ್ಕೋ ತಾಯಿ, ಐದು ನಿಮಿಷದ ಕೆಲಸ."

ಅವಳು ಕೂರಲಿಲ್ಲ. ಅವನು ನಿಯಮ ಬದಲಾಯಿಸಿ, "ಆಯ್ತು. ಇನ್ಮೇಲೆ ನಿನ್ನ ಕಡತ ಅವನಿಗೆ ಕಾಣಲ್ಲ. ನಿಶ್ಚಿಂತೆಯಾಗಿರು," ಎಂದ. ಅವಳು ಹೋಗಿ ವಿಳಾಸ ಬರೆಸಿದಳು.

ನಿಜಕ್ಕೂ ಆಗಿರಲಿಲ್ಲ. ಆ ವ್ಯವಸ್ಥೆ ಪ್ರತಿ ಸಲವೂ ನಿಯಮ ತೆರೆದು ನೋಡುವುದಿಲ್ಲ. ಬೆಳಿಗ್ಗೆ ಲಾಗಿನ್ ಆದವರ ಅನುಮತಿಗಳನ್ನೆಲ್ಲ ಒಮ್ಮೆ ನಕಲು ಮಾಡಿಟ್ಟುಕೊಂಡು, ಬೇಗ ಕೆಲಸವಾಗಲೆಂದು ದಿನವಿಡೀ ಆ ನಕಲನ್ನೇ ನಂಬುತ್ತದೆ. ನಿಯಮ ಬದಲಾಯಿಸಿದವನು ಹಳೆಯ ನಕಲನ್ನೂ ಅಳಿಸಬೇಕು. ಬೀಗದಣ್ಣನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಅಳಿಸಿದರೆ ಹತ್ತು ನಿಮಿಷ ಎಲ್ಲರ ಕಂಪ್ಯೂಟರೂ ತೆವಳುತ್ತದೆ. ಹಿಂದಿನ ತಿಂಗಳು ಹೀಗೇ ಮಾಡಿದಾಗ ರೋಗಿಗಳ ಸಾಲು ಮೆಟ್ಟಿಲವರೆಗೆ ಬೆಳೆದು, ಮೇಲಧಿಕಾರಿ ನಾಲ್ಕು ಜನರ ಮುಂದೆ ಅವನ ನೀರಿಳಿಸಿದ್ದರು. ಊಟದ ಹೊತ್ತಿಗೆ ಅಳಿಸಿದರಾಯಿತು ಎಂದುಕೊಂಡ. ಊಟದ ಹೊತ್ತಿಗೆ ಎಕ್ಸ್-ರೇ ವಿಭಾಗದ ಪ್ರಿಂಟರ್ ಕೈಕೊಟ್ಟಿತು. ಅಂತೂ ಅಳಿಸಿದಾಗ ಮೂರು ಗಂಟೆ.

ಬುಧವಾರ ಅವನು ಬಂದಾಗ ಲಿಫ್ಟಿನ ಬಳಿ ನರ್ಸುಗಳು ಗುಸುಗುಸು ಮಾತಾಡುತ್ತಿದ್ದರು. ಲ್ಯಾಬಿನವಳು ಮೂರನೇ ಮಹಡಿಯ ವಾರ್ಡಿನಲ್ಲಿದ್ದಳು. ಹೆಗಲ ಮೂಳೆ ಮುರಿದಿತ್ತು, ಮಣಿಕಟ್ಟೂ ಮುರಿದಿತ್ತು. ಮಗಳು ಕಿರುಚಿದ್ದಕ್ಕೆ ಅಕ್ಕಪಕ್ಕದವರು ಓಡಿಬಂದು ಗಂಡನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದ್ದರು.

ಬೀಗದಣ್ಣ ಕೋಣೆಗೆ ಹೋಗಿ ಹಿಂದಿನ ದಿನದ ದಾಖಲೆ ತೆಗೆದ. ಗಂಡ ಅವಳ ಕಡತ ತೆರೆದದ್ದು ಹನ್ನೊಂದು ನಲವತ್ತಕ್ಕೆ. ಎದ್ದು ಮೇಲಧಿಕಾರಿಯ ಬಳಿ ಹೋಗಿ, ಹಳೆಯ ನಕಲು ಅಳಿಸಲು ತಡಮಾಡಿದ್ದನ್ನು ಹೇಳಿದ.

"ನಿಯಮ ಬದಲಾಗಿದ್ದು ಹತ್ತು ಗಂಟೆಗೆ ಅಂತ ದಾಖಲೆಲಿ ಇದ್ಯಲ್ಲ," ಎಂದರು ಅವರು. "ಅಷ್ಟು ಸಾಕು. ಇಲ್ಲದ ಉಸಾಬರಿ ಮೈಮೇಲೆ ಎಳ್ಕೋಬೇಡಿ."

ಅಲ್ಲಿಂದ ಅವನು ನೇರ ವಾರ್ಡಿಗೆ ನಡೆದ. ಅವಳ ಎಡಗಣ್ಣು ಊದಿಕೊಂಡು ಮುಚ್ಚಿಹೋಗಿತ್ತು. ಪಕ್ಕದಲ್ಲಿ ಅವಳ ಅಕ್ಕ ಕೂತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಬೈಸಿಕೊಂಡ ಅವಮಾನವನ್ನೂ ಮುಚ್ಚಿಡಲಿಲ್ಲ.

ಅವಳು ಇನ್ನೊಂದು ಕಣ್ಣನ್ನು ಅವನತ್ತ ಹೊರಳಿಸಿದಳು.

"ಯಾರೋ ಬಾಗಿಲು ತಟ್ಟಿದ್ರು ಅಣ್ಣಾ. ಬೇರೆ ದಿನ ಆಗಿದ್ರೆ ತೆಗೀತಿರ್ಲಿಲ್ಲ. ನೀವು ಆಯ್ತು ಅಂದಿದ್ರಲ್ಲ, ಅವ್ರಾಗಿರಲ್ಲ ಅಂತ ತೆಗ್ದೆ."

ಅವನು ಮಂಚದ ಕಂಬಿ ಹಿಡಿದು ನಿಂತೇ ಇದ್ದ.

"ಹೋಗಿ ಅಣ್ಣಾ, ಅವಳು ಮಲಗ್ಲಿ," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿ ಎನಿಸಿತು ಅವನಿಗೆ.

ಮಧ್ಯಾಹ್ನ, ಹತ್ತರಿಂದ ಮೂರರವರೆಗಿನ ಐದು ಗಂಟೆಗಳ ತಪ್ಪು ತನ್ನದೆಂದು ಬರೆದು ಆಡಳಿತ ಮಂಡಳಿಗೆ ಕೊಟ್ಟ. ಅವರು ಒಂದು ಎಚ್ಚರಿಕೆಯ ಪತ್ರ ಕೊಟ್ಟು ಕೈತೊಳೆದುಕೊಂಡರು. ಅವನ ಕೆಲಸ ಹೋಗಲಿಲ್ಲ. ಹೋಗಿದ್ದರೆ ಒಳ್ಳೆಯದಿತ್ತು ಎಂದು ಹೆಂಡತಿಯ ಹತ್ತಿರ ಒಮ್ಮೆ ಅಂದ. ಅವಳು ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

ಎರಡು ತಿಂಗಳ ಮೇಲೆ ಲ್ಯಾಬಿನವಳು ಮಗಳನ್ನು ಕರೆದುಕೊಂಡು ರಾಜೀನಾಮೆ ಕೊಡಲು ಬಂದಳು. ಯಾವ ಊರಿಗೆ ಹೋಗುತ್ತಾಳೆಂದು ಜೊತೆಗೆ ಕೆಲಸ ಮಾಡಿದವರಿಗೂ ಹೇಳಲಿಲ್ಲ. ಅವನ ಬಾಗಿಲ ಮುಂದೆ ಹಾದುಹೋಗುವಾಗ ಅವನು ಎದ್ದು ನಿಂತ. ಅವಳು ನೋಡಿದಳು, ನಿಲ್ಲಲಿಲ್ಲ. ಅವಳ ಮಣಿಕಟ್ಟಿಗೆ ಇನ್ನೂ ಭಾರ ಎತ್ತುವ ಶಕ್ತಿ ಬಂದಿರಲಿಲ್ಲ. ಅಮ್ಮನ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಮಗಳು ಹಿಂದೆಹಿಂದೆ ದಾಪುಗಾಲು ಹಾಕುತ್ತಿದ್ದಳು.